ನಿನ್ನ ಮನೆಯಲ್ಲಿ ಭಂಗಿ ಬೆಳೆಯಲಿ

ಮಲ್ಲಾ ಕುಥೋಲಿ
18 ಜುಲೈ 1991

ಪ್ರೀತಿಯ ಬಾಬು,

ಮೊದಲು ಶುಭ ಸಮಾಚಾರ. ನಿಮ್ಮ ಶಾಪ ಫಲಿಸಿದೆ!

ಮೇ ತಿಂಗಳಲ್ಲಿ ಅಪ್ಪನ ಮಾತು ಮೀರಿ ಕುಂದನ್ ಜೊತೆ ನಾನು ವೀಕ್ಷಣಾಲಯದ ಗೇಟು ದಾಟುವಾಗ ನೀವು ಹಿಂದಿನಿಂದ ಕೂಗಿದಿರಲ್ಲ, "ಹೋಗು, ನಿನ್ನ ಮನೆಯಲ್ಲಿ ಭಂಗಿ ಬೆಳೆಯಲಿ" ಎಂದು. ಮನುಷ್ಯರಿಲ್ಲದೆ ಪಾಳುಬಿದ್ದ ಮನೆಯಲ್ಲಿ ಮಾತ್ರ ಭಂಗಿ ತಾನಾಗಿ ಏಳುತ್ತದೆ, ನಮ್ಮ ಬೆಟ್ಟದಲ್ಲಿ ಅದಕ್ಕಿಂತ ಕೆಟ್ಟ ಮಾತಿಲ್ಲ ಎಂದು ಅಜ್ಜಿ ಹೇಳುತ್ತಿದ್ದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತೆ. ಕುಂದನ್ ಪಾಪ, ಮದುವೆ ಗಂಡು, ಎರಡು ಕರವಸ್ತ್ರ ಒದ್ದೆ ಮಾಡಿಕೊಂಡ.

ಈಗ ಬಂದು ನೋಡಿ ಬಾಬು! ಮನೆಯ ಮುಂದೆ ಐದು ಮೆಟ್ಟಿಲು ಹೊಲ, ಐದರ ತುಂಬ ಭಂಗಿ! ನನ್ನ ಎದೆಯೆತ್ತರಕ್ಕೆ ಬಂದಿದೆ, ಇನ್ನೂ ಏರುತ್ತಿದೆ. ಬೆಳಗ್ಗೆ ಹಾಸಿಗೆಯಿಂದ ನೆಟ್ಟಗೆ ಎದ್ದು ಹೋಗಿ ಗಿಡಗಳ ಪಕ್ಕ ನಿಂತು ನನ್ನನ್ನು ಅಳೆದುಕೊಳ್ಳುತ್ತೇನೆ. ನಿನ್ನೆಗಿಂತ ಇವತ್ತು ನಾನು ಒಂದು ಬೆರಳು ಕುಳ್ಳಿ!

ನೀವು ಅಂದುಕೊಂಡ ಹಾಗೆ ಇದು ನಶೆಗಲ್ಲ. ಬೀಜ ಚಟ್ನಿಗೆ ಮತ್ತು ಎಣ್ಣೆಗೆ, ನಾರು ಹಗ್ಗಕ್ಕೆ ಮತ್ತು ಚೀಲಕ್ಕೆ. ಚರಸ್‌ಗಾಗಿ ಎಲೆ ಉಜ್ಜಲು ಬಂದ ಒಬ್ಬನನ್ನು ಸಾಸು, ಅಂದರೆ ನನ್ನ ಅತ್ತೆ, ಕುಡುಗೋಲು ತೋರಿಸಿ ಹೊಳೆಯವರೆಗೆ ಓಡಿಸಿದರು. ಏಳು ತಲೆಮಾರಿನಿಂದ ಈ ಬೋರಾ ಮನೆತನ ಭಂಗಿ ನಾರಿನ ಚೀಲ ನೇಯುತ್ತಿದೆ. ನಮ್ಮ ಅಡುಗೆಮನೆಯಲ್ಲಿ ಗೋಧಿ ತುಂಬಿಟ್ಟಿದ್ದ ಆ ಒರಟು ಚೀಲ ನೆನಪಿದೆಯೇ? ಅದೂ ಇಲ್ಲಿಯದೇ ಇರಬಹುದು. ನಾನು ಹುಟ್ಟುವ ಮೊದಲೇ ನನ್ನ ಗಂಡನ ಮನೆ ನಮ್ಮ ಅಡುಗೆಮನೆಗೆ ಬಂದು ಕೂತಿತ್ತು!

ಒಂದೇ ಭಯ. ಹೋದ ವರ್ಷ ಕೊಯ್ಲಿಗೆ ಮೂರು ದಿನ ಇರುವಾಗ ಆಲಿಕಲ್ಲು ಬಿದ್ದು ಎಲ್ಲ ನೆಲಸಮವಾಯಿತಂತೆ. ಉಳಿದದ್ದು ಒಲೆಯ ಮೇಲೆ ತೂಗುಹಾಕಿದ್ದ ಸೋರೆಬುರುಡೆಯಲ್ಲಿನ ಎರಡು ಮಾಣಿ ಅಳತೆಯ ಬೀಜ. ಅಷ್ಟನ್ನೂ ಈ ವರ್ಷ ಬಿತ್ತಿದ್ದೇವೆ. ಪೇಟೆಯಲ್ಲಿ ಬೇರೆ ಬೀಜ ಸಿಗುತ್ತದೆ, ಆದರೆ ಆ ಗಿಡ ಸೊಂಟದೆತ್ತರಕ್ಕೇ ನಿಲ್ಲುತ್ತದೆ, ನಾರೂ ಇಷ್ಟು ಉದ್ದ ಬರುವುದಿಲ್ಲ. ಸಾಸುವಿನ ಅತ್ತೆಯ ಅತ್ತೆ ತವರಿನಿಂದ ಸೆರಗಿನಲ್ಲಿ ಕಟ್ಟಿ ತಂದ ಬೀಜ ಇದು. ಈ ಬೆಳೆ ಹೋದರೆ ಬೀಜವೇ ಹೋಯಿತು. ಸೋರೆಬುರುಡೆ ಈಗ ಖಾಲಿ ತೂಗುತ್ತಿದೆ, ಅದರ ಕೆಳಗೆ ಹಾಯುವಾಗಲೆಲ್ಲ ನಾನು ತಲೆ ತಗ್ಗಿಸುತ್ತೇನೆ.

ನಮ್ಮ ಅಂಗಳದಿಂದ ಕಣಿವೆಯಾಚೆ ನಿಮ್ಮ ಬೆಟ್ಟದ ನೆತ್ತಿ ಕಾಣುತ್ತದೆ! ನಡೆದು ಬಂದರೆ ಒಂದೂವರೆ ದಿನ, ಹಕ್ಕಿಗಾದರೆ ಬರೀ ನಾಲ್ಕು ಮೈಲಿ. ದಿನಾ ಬೆಳಗ್ಗೆ ಎಂಟೂವರೆಗೆ, ನೀವು ಮಳೆಮಾಪಕ ನೋಡಲು ಹೊರಬರುವ ಹೊತ್ತಿಗೆ, ನಾನು ಕೈ ಬೀಸುತ್ತೇನೆ. ಖಿಮುಲಿ ಕಾಕಿ ಪಕ್ಕದ ಮನೆಯ ಜಗಲಿಯಿಂದ ಕೂಗುತ್ತಾಳೆ, "ಏ ಕುಂದನ್, ನಿನ್ ಹೆಂಡ್ತಿ ಮತ್ತೆ ಬೆಟ್ಟದ ಜೊತೆ ಮಾತಾಡ್ತಿದಾಳೆ ನೋಡೋ!"

ಮೊನ್ನೆ ಹರೇಲಾ ಹಬ್ಬ. ಈ ಊರಿನ ಪ್ರತಿ ಸೊಸೆಗೂ ತವರಿನಿಂದ ಲಕೋಟೆಯಲ್ಲಿ ಹಸಿರು ಮೊಳಕೆ ಬಂತು. ಅಂಚೆಯ ಮೋತಿರಾಮ್ ನನ್ನ ಮುಖ ನೋಡಿ ಚೀಲವನ್ನು ಎರಡು ಸಲ ಕೊಡವಿದ. ಇರಲಿ. ಅಂಚೆ ತಡವಾಗಿರಬಹುದು.

ಅಮ್ಮನಿಗೆ, ನಮ್ಮ ಇಜಾಗೆ, ಕಾಲು ಮುಟ್ಟಿ ಪೈಲಾಗ್. ನಿಮಗೂ ಪೈಲಾಗ್, ಕಾಲು ಹಿಂದೆಳೆದುಕೊಂಡರೂ ಬಿಡುವುದಿಲ್ಲ.

ನಿಮ್ಮ
ತನುಜಾ

*

(ಅಂಚೆ ಕಾರ್ಡು)

20 ಆಗಸ್ಟ್ 1991

ಇಂದು ಬೆಳಗ್ಗೆ 8.30ಕ್ಕೆ ಮುಗಿದ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಮಳೆ 84.2 ಮಿ.ಮೀ. ಗಾಳಿ ಆಗ್ನೇಯದಿಂದ. ಮುಂದಿನ ಮೂರು ದಿನ ಭಾರಿ ಮಳೆ, ಬಿರುಗಾಳಿ ಸಂಭವ. ಎತ್ತರದ ಬೆಳೆಗಳ ಬುಡಕ್ಕೆ ಮಣ್ಣೇರಿಸಿ ಕೋಲು ಕಟ್ಟುವುದು ಸೂಕ್ತ.

ದು. ದ. ಓಲಿ
ವೀಕ್ಷಕ

*

ಮಲ್ಲಾ ಕುಥೋಲಿ
26 ಆಗಸ್ಟ್ 1991

ನನ್ನ ಪ್ರೀತಿಯ, ಪ್ರೀತಿಯ ಬಾಬು!

ಕಾರ್ಡು ಬಂತು! ಕಾರ್ಡು ಬಂತು!

ಹೆಸರು ಹಿಡಿದು ಕರೆದಿಲ್ಲ, ಆಶೀರ್ವಾದ ಬರೆದಿಲ್ಲ, ಆದರೂ ಅದು ನಿಮ್ಮ ಕೈಬರಹ. ದಶಾಂಶದ ಚುಕ್ಕೆಯನ್ನು ಕೂಡ ಕಾಗದ ತೂತಾಗುವಷ್ಟು ಒತ್ತಿದ್ದೀರಿ! ದಿಂಬಿನ ಕೆಳಗಿಟ್ಟುಕೊಂಡಿದ್ದೇನೆ. "84.2 ಮಿಲಿಮೀಟರ್ ಅಂತ ಬರೆದ ಪ್ರೇಮಪತ್ರ ನಾನು ಕಂಡಿರಲಿಲ್ಲ" ಎಂದು ಕುಂದನ್ ರೇಗಿಸುತ್ತಾನೆ.

ಒಂದೇ ತೊಂದರೆ. ಕಾರ್ಡು ಮೋತಿರಾಮನ ಚೀಲ ಸೇರಿ, ಪೇಟೆಗಿಳಿದು, ಮತ್ತೆ ಬೆಟ್ಟ ಹತ್ತಿ ಬರಲು ನಾಲ್ಕು ದಿನ. ನೀವು ಹೇಳಿದ ಬಿರುಗಾಳಿ ಎರಡೇ ದಿನದಲ್ಲಿ ಬಂದಿತ್ತು! ಮೇಲಿನ ಹೊಲದ ಅರ್ಧ ಗಿಡ ಮಲಗಿಬಿಟ್ಟಿದ್ದವು. ನಾವು ಕೆಸರಲ್ಲಿ ಮೊಣಕಾಲೂರಿ ಒಂದೊಂದನ್ನೇ ಎಬ್ಬಿಸುತ್ತಿರುವಾಗ ಮೋತಿರಾಮ್ ಬಂದು ಗಟ್ಟಿಯಾಗಿ ಓದಿದ, "ಬಿರುಗಾಳಿ ಸಂಭವ!" ಸಾಸು ಕೆಸರಲ್ಲೇ ಕೂತು ಸೊಸೆಯ ಮುಖ ನೋಡಿ ನಕ್ಕರು. "ಏನೇ ಬ್ವಾರಿ, ನಿಮ್ಮಪ್ಪ ಮಳೇನ ಟಪಾಲಿಗೆ ಹಾಕಿದ್ರಾ? ದಾರೀಲಿ ಮಳೇನೇ ಮುಂದೆ ಓಡ್ಬಂದ್ಬಿಡ್ತಲ್ಲೇ!"

ಆದರೂ ನೀವು ಹೇಳಿದ ಹಾಗೇ ಮಾಡಿದೆವು. ಬುಡಕ್ಕೆ ಮಣ್ಣೇರಿಸಿ, ಸಣ್ಣ ಬೆಟ್ಟಬಿದಿರಿನ ಕೋಲು ನೆಟ್ಟು, ಭಂಗಿ ನಾರಿನ ಹಗ್ಗದಿಂದಲೇ ಭಂಗಿಯನ್ನು ಕಟ್ಟಿದೆವು. ಅಜ್ಜಿ ಮೊಮ್ಮಗಳ ಕೈ ಹಿಡಿದುಕೊಂಡ ಹಾಗೆ ಕಾಣುತ್ತದೆ!

ಈಗ ನಾನು ಮಾಡಿದ ಒಂದು ಕೆಲಸ ಹೇಳಬೇಕು. ಬೈಯಬೇಡಿ.

ಮೋತಿರಾಮ್ ಕೊನೆಯ ಸಾಲನ್ನೂ ಓದಿದನಲ್ಲ, "ದು. ದ. ಓಲಿ" ಎಂದು. ಇಷ್ಟು ದಿನ ಇವರಿಗೆ ನಾನು ಬರೀ ಬ್ರಾಹ್ಮಣರ ಹುಡುಗಿ. ಆ ಗದ್ದಲದಲ್ಲಿ ಯಾವ ಬ್ರಾಹ್ಮಣರು ಎಂದು ಯಾರೂ ಕೇಳಿರಲಿಲ್ಲ. ಖಿಮುಲಿ ಕಾಕಿ ಸೌದೆ ಹೊರೆಯನ್ನು ದೊಪ್ಪನೆ ಬಿಸಾಡಿ, "ಓಲಿ? ಆಲಿಕಲ್ಲು ಕಟ್ಟೋ ಓಲಿಗಳಾ? ನಮ್ಮಜ್ಜಿ ಪ್ರತಿ ಸುಗ್ಗಿಗೂ ಒಬ್ಬ ಓಲಿ ಪಂಡಿತನಿಗೆ ಮೊರ ತುಂಬ ಧಾನ್ಯ ಕೊಡ್ತಿದ್ಲು. ಆತ ಬೆಟ್ಟದ ಮೇಲೆ ನಿಂತು ಮಂತ್ರ ಹಾಕಿದ್ರೆ ಕಲ್ಲು ನೀರಾಗ್ತಿತ್ತಂತೆ!" ಎಂದಳು.

ಆತ ನಿಮ್ಮ ಅಜ್ಜ, ಅಲ್ಲವೇ ಬಾಬು?

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಮೂರು ತಿಂಗಳಿಂದ ನಾನು ಸೆಗಣಿ ಬುಟ್ಟಿ ಹೊರಲು ಬಾರದ, ಕಾನ್ವೆಂಟಿನಲ್ಲಿ ಓದಿದ ಬೊಂಬೆ. ಆ ಒಂದು ಕ್ಷಣ ನಾನು ಯಾರೋ ಆಗಿದ್ದೆ. ಬಾಯಿಂದ ಬಂದೇಬಿಟ್ಟಿತು: "ಹೌದು ಕಾಕಿ. ನಾನಿರುವಾಗ ಈ ವರ್ಷ ನಮ್ಮ ಭಂಗಿಯ ಮೇಲೆ ಆಲಿಕಲ್ಲು ಬೀಳೋದಿಲ್ಲ."

ಸಾಸು ಕೆಸರಿನ ಕೈ ತೊಳೆದು ಒಳಗೆ ಹೋದರು. ರಾತ್ರಿಯೂಟಕ್ಕೆ ನನ್ನ ರಾಗಿ ರೊಟ್ಟಿಗೆ ಮಾತ್ರ ಎರಡು ಪಟ್ಟು ತುಪ್ಪ ಹಾಕಿದರು. ಆ ತುಪ್ಪದ ಋಣ ಹೇಗೆ ತೀರಿಸಲಿ?

ಬಾಬು, ಆ ಮಂತ್ರ ನಿಮಗೆ ಗೊತ್ತಿದ್ದರೆ ಬರೆದು ಕಳಿಸಿ. ಬೇಗ!

ಪೈಲಾಗ್.
ನಿಮ್ಮ ಬಾಯಿಬಡುಕಿ
ತನುಜಾ

*

ವೀಕ್ಷಣಾಲಯ
9 ಸೆಪ್ಟೆಂಬರ್ 1991

ಪತ್ರ ತಲುಪಿತು.

ಆಲಿಕಲ್ಲು ಉಂಟಾಗುವುದು ಬಿಸಿಗಾಳಿ ರಭಸದಿಂದ ಮೇಲೇರಿ ಹನಿಗಳನ್ನು ಶೀತಪ್ರದೇಶಕ್ಕೆ ಒಯ್ಯುವುದರಿಂದ. ಮಂತ್ರದಿಂದ ಅದು ನಿಲ್ಲುವುದಿಲ್ಲ. ಇಪ್ಪತ್ತೊಂದು ವರ್ಷ ನನ್ನ ಮನೆಯಲ್ಲಿ ಉಂಡವರು ಇದನ್ನು ಕೇಳುವುದು ಲಜ್ಜೆಯ ವಿಷಯ.

ಅಜ್ಜನ ಬಗ್ಗೆ ಕೇಳಿದ್ದರಿಂದ ಹೇಳುತ್ತೇನೆ. ಅವರ ಬಳಿ ಮಂತ್ರವಿರಲಿಲ್ಲ. ನನಗೆ ಒಂಬತ್ತು ವರ್ಷವಾಗಿದ್ದಾಗ ಅವರೇ ಹೇಳಿದ್ದು. ಅವರ ಬಳಿ ಇದ್ದದ್ದು ಎರಡು ಕಣ್ಣು, ನೋಯುವ ಒಂದು ಮಂಡಿ, ಒಂದು ಶಂಖ. ಬೆಳಗಿನಿಂದ ಪಶ್ಚಿಮದ ಕಣಿವೆಯ ಬಾಯಿಯನ್ನೇ ನೋಡುತ್ತ ಕೂರುತ್ತಿದ್ದರು. ಹೂಕೋಸಿನಂಥ ಮೋಡ ಎದ್ದು ಅದರ ತಲೆ ಕಮ್ಮಾರನ ಅಡಿಗಲ್ಲಿನಂತೆ ಚಪ್ಪಟೆಯಾದರೆ ಶಂಖ ಊದುತ್ತಿದ್ದರು. ಕೆಳಗಿನ ಊರುಗಳಿಗೆ ಎರಡು ಗಂಟೆ ಸಮಯ ಸಿಗುತ್ತಿತ್ತು. ಜನ ಮುಚ್ಚಬೇಕಾದ್ದನ್ನು ಮುಚ್ಚಿ, ತರಬೇಕಾದ್ದನ್ನು ಒಳಗೆ ತರುತ್ತಿದ್ದರು. ಉಳಿದ ಬೆಳೆಯನ್ನು ಮಂತ್ರದ ಲೆಕ್ಕಕ್ಕೆ ಹಾಕುತ್ತಿದ್ದರು. ಒಂದು ವರ್ಷ ಗಾಳಿ ಎದುರಾಗಿ ಶಂಖದ ಸದ್ದು ಕೆಳಗೆ ಕೇಳಿಸಲಿಲ್ಲ. ಎಲ್ಲ ಹೋಯಿತು. ಮರುದಿನ ಜನ ಬಂದು ಏನೆಂದರು ಎಂಬುದನ್ನು ಬರೆಯುವುದಿಲ್ಲ. ಅಜ್ಜ ಆಮೇಲೆ ಶಂಖ ಮುಟ್ಟಲಿಲ್ಲ. ನಾನು ಈ ನೌಕರಿಗೆ ಸೇರಿದ್ದು ಆ ಕಾರಣದಿಂದ.

ಆದ್ದರಿಂದ ಮಂತ್ರದ ಬದಲು:

ಹೆಣ್ಣು ಗಿಡದ ತೆನೆ ಈಗ ನೀರು ಹಿಡಿಯುತ್ತದೆ. ಮಳೆಯ ಮರುಬೆಳಗ್ಗೆ ಪ್ರತಿ ಗಿಡವನ್ನೂ ಅಲ್ಲಾಡಿಸಿ ನೀರಿಳಿಸಬೇಕು, ಇಲ್ಲದಿದ್ದರೆ ಬೂದಿ ಬಣ್ಣದ ಬೂಷ್ಟು. ಒಳಗಿನ ದೊಡ್ಡ ಎಲೆಗಳನ್ನು ಕಿತ್ತು ಗಾಳಿಯಾಡಲು ಬಿಡಬೇಕು. ಬೂಷ್ಟು ಕಂಡ ತೆನೆಯನ್ನು ಕನಿಕರವಿಲ್ಲದೆ ಕತ್ತರಿಸಿ ದೂರ ಹೂಳಬೇಕು. ಧಾನ್ಯ ಒಣಗಿಸುವ ಬಿದಿರುಚಾಪೆಗಳನ್ನು ಚಪ್ಪರದಂತೆ ಇಳಿಜಾರಾಗಿ ಕಟ್ಟಲು ಕಂಬ ಸಿದ್ಧವಿರಲಿ.

ಮಳೆ ಈವರೆಗೆ ಈ ತಿಂಗಳು 112 ಮಿ.ಮೀ.

ದು. ದ. ಓಲಿ
ವೀಕ್ಷಕ

ತನೂ, ನಾನು ಇಜಾ. ಅಂಟಿಸೋಕೆ ಕೊಟ್ಟಿದ್ರು, ಮೊದಲು ಓದಿದೆ. ದಿನಾ ಎಂಟೂವರೆಗೆ ಗಾಳಿಯ ದಿಕ್ಕು ನೋಡ್ತೀನಿ ಅಂತ ನಿನ್ನ ಊರಿನ ಕಡೆ ಮುಖ ಮಾಡಿ ನಿಂತಿರ್ತಾರೆ. ಗಾಳಿಯ ಬಾಣ ಇರೋದು ಅವರ ಬೆನ್ನ ಹಿಂದೆ.

*

ಮಲ್ಲಾ ಕುಥೋಲಿ
24 ಸೆಪ್ಟೆಂಬರ್ 1991

ಬಾಬು, ಬಾಬು, ಬಾಬು!

ಮಂತ್ರಕ್ಕಿಂತ ಇದು ಎಷ್ಟು ಚೆನ್ನಾಗಿದೆ! ಶಂಖದ ಕತೆಯನ್ನು ಸಾಸುವಿಗೆ ಓದಿ ಹೇಳಿದೆ. ಅವರು, "ಹಾಗಾದ್ರೆ ಆತ ಕಳ್ಳ ಅಲ್ಲ" ಎಂದರು. "ನಮ್ಮೂರೋರು ಕಳ್ಳ ಅಂದಿದ್ರು, ಬ್ವಾರಿ. ನಾನಾಗ ಹೊಸ ಸೊಸೆ. ಎದುರಿಗೇ ನಿಂತಿದ್ದೆ." ನಿಮ್ಮ ಪತ್ರದಲ್ಲಿ ನೀವು ಬರೆಯದೆ ಬಿಟ್ಟದ್ದು ಇದೇ ಇರಬೇಕು. ಆಮೇಲೆ ಅವರೇ ಮಾಳಿಗೆ ಹತ್ತಿ ಹಳೆಯ ಬಿದಿರುಚಾಪೆಗಳನ್ನೆಲ್ಲ ಕೆಳಗೆಸೆದರು. ಹದಿನಾಲ್ಕು!

ಈಗ ನಮ್ಮ ದಿನಚರಿ ಕೇಳಿ. ಮಳೆ ಬಂದ ಮರುಬೆಳಗ್ಗೆ ಕುಂದನ್ ಒಂದು ಸಾಲು, ನಾನು ಒಂದು ಸಾಲು. ಕಾಂಡ ಹಿಡಿದು ಅಲ್ಲಾಡಿಸಿದರೆ ಹನ್ನೆರಡು ಅಡಿ ಮೇಲಿನಿಂದ ತಣ್ಣೀರು ನೆತ್ತಿಗೆ! ನಾನು ಕಿರುಚುತ್ತೇನೆ, ಅವನು ಬೇಕೆಂದೇ ನನ್ನ ಸಾಲಿಗೂ ಬಂದು ಅಲ್ಲಾಡಿಸುತ್ತಾನೆ. "ಓಲಿ ಪಂಡಿತರೇ, ಮಳೆ ನಿಲ್ಲಿಸ್ತೀರಾ, ಇಲ್ಲ ಇನ್ನೊಂದು ಗಿಡ ಅಲ್ಲಾಡಿಸಲಾ?" ಖಿಮುಲಿ ಕಾಕಿ ಜಗಲಿಯಿಂದ, "ಇವರಿಬ್ರೂ ಬೆಳೆ ಕಾಯ್ತಿದಾರೋ, ಹೋಳಿ ಆಡ್ತಿದಾರೋ!" ಎನ್ನುತ್ತಾಳೆ. ಎರಡನೆಯ ಹೊಲದಲ್ಲಿ ಬೂಷ್ಟು ಕಂಡಿತು. ನೀವು ಹೇಳಿದ ಹಾಗೆ ಕತ್ತರಿಸಿದೆ. ಒಂಬತ್ತು ತೆನೆ. ಕನಿಕರವಿಲ್ಲದೆ ಎಂದಿದ್ದಿರಿ, ಅದೊಂದು ನನ್ನಿಂದಾಗಲಿಲ್ಲ.

ಗಂಡು ಗಿಡಗಳನ್ನು ಆಗಲೇ ಕಿತ್ತು ಹೊಳೆಯಲ್ಲಿ ನೆನೆಹಾಕಿದ್ದೇವೆ. ಆ ವಾಸನೆ! ನನ್ನ ಕಾನ್ವೆಂಟಿನ ಸಿಸ್ಟರ್‌ಗಳು ಕಣಿವೆಯಾಚೆ ಮೂರ್ಛೆ ಹೋಗಿರಬೇಕು. ಉಳಿದಿರುವುದು ಬೀಜದ ಹೆಣ್ಣು ಗಿಡಗಳು. ದೀಪಾವಳಿಗೆ ಮೊದಲು, ಅಕ್ಟೋಬರ್ 24ಕ್ಕೆ, ಕೊಯ್ಲಿನ ದಿನ ಗೊತ್ತುಮಾಡಿದ್ದೇವೆ. ಮೊದಲ ಹಿಡಿ ಗೋಲೂ ದೇವತೆಗೆ ಒಪ್ಪಿಸುವ ತನಕ ಸಾಸು ಕುಡುಗೋಲು ಮುಟ್ಟಲು ಬಿಡುವುದಿಲ್ಲ.

ಈಗ ಮುಖ್ಯ ವಿಷಯ. ನಿಮ್ಮ ಪತ್ರ ನಡೆಯುವುದು ನಾಲ್ಕು ದಿನ, ಆಲಿಕಲ್ಲು ಬರುವುದು ಎರಡು ಗಂಟೆಯಲ್ಲಿ. ನಮ್ಮ ಊರಿಗೆ ಪಶ್ಚಿಮ ಕಾಣುವುದಿಲ್ಲ, ನಿಮ್ಮ ಬೆಟ್ಟವೇ ಅಡ್ಡ. ನಿಮಗೆ ಎಲ್ಲವೂ ಕಾಣುತ್ತದೆ! ನನ್ನ ಮಾವನವರು ಸೈನ್ಯದ ಪಲ್ಟನ್ನಿನಿಂದ ತಂದ ದುರ್ಬೀನು ಇಲ್ಲಿದೆ. ಅದರಲ್ಲಿ ನಿಮ್ಮ ಕೆಂಪು ಚಾವಣಿಯೂ ಗಾಳಿ ಅಳೆಯುವ ಕಂಬವೂ ಸ್ಪಷ್ಟವಾಗಿ ಕಾಣುತ್ತವೆ. ಆ ಕಂಬಕ್ಕೆ ಏನಾದರೂ ಕಟ್ಟಿ ಬಾಬು! ಇಜಾಳ ಕೆಂಪು ಲಂಗವಾದರೂ ಸರಿ. ನಾನು ಗಂಟೆಗೊಮ್ಮೆ ನೋಡುತ್ತಿರುತ್ತೇನೆ.

ಶಂಖ ಕೇಳಿಸದಿರಬಹುದು. ಬಟ್ಟೆ ಕಂಡೇ ಕಾಣುತ್ತದೆ.

ಪೈಲಾಗ್, ಪೈಲಾಗ್.
ತನುಜಾ

*

(ಅಂಚೆ ಕಾರ್ಡು)

3 ಅಕ್ಟೋಬರ್ 1991

ಗಾಳಿಮಾಪಕದ ಕಂಬ ಸರ್ಕಾರಿ ಸ್ವತ್ತು. ಅದಕ್ಕೆ ವಸ್ತ್ರಾದಿಗಳನ್ನು ಕಟ್ಟುವುದು ನಿಯಮಬಾಹಿರ.

ಮುಂಗಾರು ಹಿಂದೆ ಸರಿದಿದೆ. ಆಕಾಶ ಸ್ವಚ್ಛ. ಕನಿಷ್ಠ ತಾಪಮಾನ 9.6.

ದು. ದ. ಓಲಿ
ವೀಕ್ಷಕ

*

ಮಲ್ಲಾ ಕುಥೋಲಿ
10 ಅಕ್ಟೋಬರ್ 1991

ಬಾಬು,

ನಿಯಮ! ಸರಿ. ನಾನು ಸಿಟ್ಟಾಗಿಲ್ಲ. ಸ್ವಲ್ಪ ಆಗಿದ್ದೇನೆ.

ತೆನೆಗಳು ತುಂಬಿ ಬಾಗಿವೆ. ಸಾಸು ಒಂದು ತೆನೆಯನ್ನು ಅಂಗೈಯಲ್ಲಿ ಉಜ್ಜಿ ತೋರಿಸಿದರು, ನಾಲ್ಕು ಬೀಜದಲ್ಲಿ ಮೂರು ಕಂದು. "ಇನ್ ಹದಿನೈದು ದಿನ, ಬ್ವಾರಿ. ಹದಿನೈದೇ ದಿನ" ಎಂದರು. ಹೋದ ವರ್ಷವೂ ಹೀಗೇ ಅಂದಿದ್ದರಂತೆ, ಕುಂದನ್ ಹೇಳಿದ. ಸಂಜೆ ಅವರು ಖಾಲಿ ಸೋರೆಬುರುಡೆಯನ್ನು ಇಳಿಸಿ, ಒಳಗನ್ನು ಬೂದಿಯಿಂದ ಉಜ್ಜಿ ಒಣಗಲು ಇಟ್ಟರು. ನಾನು ನೋಡಿಯೂ ನೋಡದವಳ ಹಾಗೆ ಇದ್ದೆ.

ನೀವು ಏನೂ ಕಟ್ಟದಿದ್ದರೂ ನಾನು ಗಂಟೆಗೊಮ್ಮೆ ದುರ್ಬೀನಿನಲ್ಲಿ ನೋಡುತ್ತೇನೆ. ಅಭ್ಯಾಸವಾಗಿದೆ.

ಪೈಲಾಗ್.
ತನುಜಾ

*

ಮಲ್ಲಾ ಕುಥೋಲಿ
24 ಅಕ್ಟೋಬರ್ 1991

ಬಾಬು,

ಈ ಪತ್ರ ನಾಲ್ಕು ದಿನ ತೆಗೆದುಕೊಳ್ಳುತ್ತದೆ ಎಂದು ನೆನೆದರೆ ಹುಚ್ಚು ಹಿಡಿಯುತ್ತದೆ. ನೀವು ಹೇಗಿದ್ದೀರಿ? ಮೊದಲು ಅದನ್ನು ತಿಳಿಸಿ. ಕಾರ್ಡಿನಲ್ಲಿ ಒಂದೇ ಪದ ಬರೆಯಿರಿ.

ನಿನ್ನೆಯದನ್ನು ಮೊದಲಿನಿಂದ ಹೇಳುತ್ತೇನೆ, ಇಲ್ಲದಿದ್ದರೆ ಎದೆ ಒಡೆಯುತ್ತದೆ.

ನಿನ್ನೆ ಕೊಯ್ಲಿನ ಹಿಂದಿನ ದಿನ. ಹನ್ನೆರಡು ಗಂಟೆಯ ಬಿಸಿಲು, ಆಕಾಶ ತೊಳೆದಿಟ್ಟ ತಟ್ಟೆಯ ಹಾಗೆ. ಸಾಸು ಅಂಗಳ ಸಾರಿಸುತ್ತಿದ್ದರು. ಖಿಮುಲಿ ಕಾಕಿ ನಾಳೆಯ ಕೊಯ್ಲಿಗೆ ಬರುವವರ ಊಟಕ್ಕೆ ಕೆಸುವಿನ ಗೆಡ್ಡೆ ಹೆಚ್ಚುತ್ತ, "ಓಲಿ ಬ್ವಾರಿ ಬಂದ್ಮೇಲೆ ಆಲಿಕಲ್ಲು ಹೆದರಿ ಓಡಿಹೋಯ್ತು" ಎಂದು ಹಾಡು ಕಟ್ಟುತ್ತಿದ್ದಳು. ನಾನು ಸುಮ್ಮನೆ ದುರ್ಬೀನು ಎತ್ತಿದೆ.

ಕೆಂಪು ಚಾವಣಿ. ಕಂಬ. ಕಂಬದ ಮೇಲೆ ಏನೂ ಇಲ್ಲ.

ಅದರ ಪಕ್ಕದಲ್ಲಿ, ನಮ್ಮ ಕ್ವಾರ್ಟರ್ಸಿನ ಅಡುಗೆಮನೆಯ ಮಾಡಿನ ಮೇಲೆ, ಒಂದು ಹಳದಿ ಚೂರು.

ಬೇರೆ ಯಾರಾಗಿದ್ದರೂ ಸಾಸಿವೆ ಹೂವಿನ ಬಣ್ಣ ಎನ್ನುತ್ತಿದ್ದರು. ನನಗೆ ಗೊತ್ತು ಬಾಬು! ಆ ಹಳದಿಯ ನಡುವೆ ಕೆಂಪು ಚುಕ್ಕೆಗಳಿವೆ, ಮಧ್ಯದಲ್ಲಿ ಸ್ವಸ್ತಿಕವಿದೆ ಎಂದು ನನಗೆ ನಾಲ್ಕು ಮೈಲಿಯಿಂದಲೂ ಗೊತ್ತು. ಇಜಾಳ ಪಿಛೋಡಾ. ಮದುವೆಯಲ್ಲಿ ನನಗೆ ಹೊದಿಸಬೇಕಾಗಿದ್ದು, ನೀವು ಪೆಟ್ಟಿಗೆಗೆ ಹಾಕಿ ಬೀಗ ಜಡಿದದ್ದು. ಗೋಲೂ ದೇವತೆಯ ಗುಡಿಯಲ್ಲಿ ನಾನು ಖಿಮುಲಿ ಕಾಕಿಯದನ್ನು ಅರ್ಧ ಗಂಟೆ ಎರವಲು ಹೊದ್ದಿದ್ದೆ.

"ಆಲಿಕಲ್ಲು!" ಎಂದು ಕಿರುಚಿದೆ. "ಆಲಿಕಲ್ಲು ಬರ್ತಿದೆ!"

ಕಾಕಿ ಆಕಾಶ ನೋಡಿದಳು, ನನ್ನನ್ನು ನೋಡಿದಳು. "ಕುಂದನ್, ನಿನ್ ಹೆಂಡ್ತೀನ ನೆರಳಿಗೆ ಕರ್ಕೊಂಡ್ ಹೋಗೋ. ಬಿಸಿಲು ತಲೆಗೇರಿದೆ."

ಕುಂದನ್ ದುರ್ಬೀನಿನಲ್ಲಿ ನೋಡಿ ನನ್ನ ಪಕ್ಕ ನಿಂತ. ಸಾಸು ಮಾತ್ರ ಅಲುಗಲಿಲ್ಲ. "ಮೊದಲ ಹಿಡಿ ನಾಳೆಗೆ ಗೊತ್ತಾಗಿದೆ. ದೇವರಿಗೆ ಕೊಡದೆ ಇವತ್ತು ಕುಡುಗೋಲು ಹಾಕೋಕಾಗಲ್ಲ ಬ್ವಾರಿ. ಮೋಡ ಎಲ್ಲಿದೆ ತೋರ್ಸು."

"ಮೋಡ ಬೆಟ್ಟದ ಹಿಂದಿದೆ ಸಾಸೂ. ಅದು ನಮ್ಮ ಇಜಾಳ ಪಿಛೋಡಾ. ಬಾಬು ಅದನ್ನ ಪೆಟ್ಟಿಗೆಯಿಂದ ತಮಾಷೆಗೆ ತೆಗೆಯೋರಲ್ಲ. ನನ್ನ ಮದುವೆಗೇ ತೆಗೀಲಿಲ್ಲ!"

ಸಾಸು ಸೆಗಣಿ ಕೈಯಲ್ಲೇ ದುರ್ಬೀನು ಇಸಿದುಕೊಂಡರು. ನೋಡಿದರು. ಬಹಳ ಹೊತ್ತು ನೋಡಿದರು. ಕೆಳಗಿಳಿಸಿ, ಸೊಂಟದಿಂದ ಕುಡುಗೋಲು ತೆಗೆದು, "ತವರಿನ ಪಿಛೋಡಾನೇ ಬಂದ್ಮೇಲೆ ಇನ್ಯಾವ ಮುಹೂರ್ತ ಕಾಯ್ಲಿ? ನಡೀರಿ!" ಎಂದರು. ದಾಟುವಾಗ ಒಂದು ತೆನೆ ಮುರಿದು ಗೋಲೂ ದೇವತೆಯ ದಿಕ್ಕಿಗೆ ಎಸೆದು, "ತಪ್ಪಾದ್ರೆ ನನ್ನ ಮೇಲೆ" ಎಂದರು. ಅಷ್ಟೇ ಪೂಜೆ!

ಆಮೇಲೆ ಓಟ ಬಾಬು, ಬರೀ ಓಟ! ಮೇಲಿನ ಎರಡು ಹೊಲದ ಮಾಗಿದ ಗಿಡಗಳನ್ನು ಸಾಸು ಕೊಯ್ದರು, ನಾನೂ ಕುಂದನ್ನೂ ಹೊತ್ತು ತಂದು ದನದ ಕೊಟ್ಟಿಗೆಗೆ ತುಂಬಿದೆವು. ಎಮ್ಮೆ ಹೊರಗೆ, ಭಂಗಿ ಒಳಗೆ! ಮೂರನೆಯ ಹೊಲಕ್ಕೆ ಕಂಬಗಳ ಮೇಲೆ ಹದಿನಾಲ್ಕು ಚಾಪೆ. ನಾಲ್ಕನೆಯದಕ್ಕೆ ಮನೆಯಲ್ಲಿದ್ದ ಚೀಲಗಳು, ರಜಾಯಿಗಳು, ನನ್ನ ಮದುವೆಯ ಹಾಸಿಗೆಯ ಹೊದಿಕೆ. ಒಂದು ಗಂಟೆಯ ಹೊತ್ತಿಗೆ ಬೆಟ್ಟದ ಹಿಂದಿನಿಂದ ಒಂದು ಬಿಳಿ ತಲೆ ಎದ್ದಿತು. ಅದು ಮೇಲಕ್ಕೆ ಹೋಗಿ ಚಪ್ಪಟೆಯಾಯಿತು. ಕಮ್ಮಾರನ ಅಡಿಗಲ್ಲು! ನೀವು ಬರೆದ ಹಾಗೇ! ಕಾಕಿ ಕೆಸುವಿನ ಗೆಡ್ಡೆ ಬಿಸಾಡಿ, ತನ್ನ ಮನೆಯ ಚಾಪೆಗಳನ್ನೆಲ್ಲ ಎಳೆದುಕೊಂಡು ನಮ್ಮ ಹೊಲಕ್ಕೆ ಓಡಿಬಂದಳು. ದಾರಿಯುದ್ದಕ್ಕೂ ನನ್ನನ್ನೇ ಬೈಯುತ್ತಿದ್ದಳು, "ಮೊದ್ಲೇ ಹೇಳೋಕೇನಾಗಿತ್ತು ಇವಳಿಗೆ!"

ಎರಡು ಗಂಟೆಗೆ ಗಾಳಿ ತಣ್ಣಗಾಯಿತು. ಚಾಪೆ ಹಾರದಂತೆ ಹಗ್ಗ ಬಿಗಿಯುತ್ತಿದ್ದ ಕುಂದನ್, ಕೊನೆಯ ಸಲ ದುರ್ಬೀನಿನಲ್ಲಿ ನೋಡಿ ಹೇಳಿದ, "ತನೂ, ಮಾವ ಮಾಡಿನ ಮೇಲೆ ನಿಂತಿದಾರೆ. ಗಳ ಒಂದ್ ಕೈಯಲ್ಲಿ, ಪಿಛೋಡಾದ ತುದಿ ಇನ್ನೊಂದ್ ಕೈಯಲ್ಲಿ. ಗಾಳಿಗೆ ಸುತ್ತಿಕೊಳ್ಳದ ಹಾಗೆ ಬಿಡಿಸಿ ಹಿಡ್ಕೊಂಡಿದಾರೆ. ಇನ್ನೂ ಯಾಕೆ ಇಳೀತಿಲ್ಲ?"

ಆಗ ನನಗೆ ಹೊಳೆಯಿತು ಬಾಬು. ನೀವು ಹೇಗೆ ತಿಳಿಸಬೇಕು ಎಂದು ಬರೆದಿದ್ದೆ. ನಾನು ನೋಡಿದೆ ಎಂದು ನಿಮಗೆ ಹೇಗೆ ತಿಳಿಸಬೇಕು ಎಂಬುದನ್ನು ಬರೆದೇ ಇರಲಿಲ್ಲ! ಶಂಖ ಕೇಳಿಸಿತೋ ಇಲ್ಲವೋ ಎಂದು ನಿಮ್ಮ ಅಜ್ಜನಿಗೆ ಗೊತ್ತಾಗದ ಹಾಗೆ, ನಿಮಗೂ ಗೊತ್ತಾಗುತ್ತಿರಲಿಲ್ಲ. ನಾನು ಅಂಗಳಕ್ಕೆ ಓಡಿ, ನನ್ನ ಕೆಂಪು ಘಾಗ್ರಾ ಕೋಲಿಗೆ ಕಟ್ಟಿ ಬೀಸತೊಡಗಿದೆ. "ಇಳೀರಿ ಬಾಬು! ಕಂಡಿದೆ! ಇಳೀರಿ!" ಎಂದು ಕೂಗಿದೆ. ನಾಲ್ಕು ಮೈಲಿ! ಬೀಸುತ್ತಿರುವಾಗಲೇ ಬಿಳಿಯ ಪರದೆ ಬಂದು ನಿಮ್ಮ ಬೆಟ್ಟವನ್ನು ನುಂಗಿತು.

ಹತ್ತು ನಿಮಿಷದ ನಂತರ ಇಲ್ಲಿ ಬಿತ್ತು. ಸಾಸು ಕಬ್ಬಿಣದ ಕಾವಲಿಯನ್ನು ಅಂಗಳಕ್ಕೆ ಮಗುಚಿ ಎಸೆದು ಕೈಮುಗಿದರು, ಅದು ಇಲ್ಲಿಯ ಪದ್ಧತಿ. ಕಾವಲಿಯ ಮೇಲೆ ಆಲಿಕಲ್ಲಿನ ಸದ್ದು ಈಗಲೂ ಕಿವಿಯಲ್ಲಿದೆ. ಐದನೆಯ ಹೊಲ ಹೋಯಿತು, ಒಂದು ಗಿಡವೂ ನಿಲ್ಲಲಿಲ್ಲ. ನಾಲ್ಕನೆಯದು ಅರ್ಧ. ಮೂರನೆಯದು ಪೂರ್ತಿ ಉಳಿಯಿತು! ಕೊಟ್ಟಿಗೆಯದು ಪೂರ್ತಿ! ಬೀಜ ಉಳಿಯಿತು ಬಾಬು! ಕಾಕಿ ಆಲಿಕಲ್ಲಿನ ನಡುವೆ ಮಗುಚಿದ ಬುಟ್ಟಿ ತಲೆಗಿಟ್ಟು ಕುಣಿದಳು. ಸಾಸು ಮೂರನೆಯ ಹೊಲದ ಒಂದು ತೆನೆ ಉಜ್ಜಿ, ಮೊದಲ ಹಿಡಿಯನ್ನು ಸೋರೆಬುರುಡೆಗೆ ಹಾಕಿ, ಅದನ್ನು ನನ್ನ ಕೈಗೆ ಕೊಟ್ಟು ಕಟ್ಟಲು ಹೇಳಿದರು. ಮನೆಯ ಸೊಸೆ ಮಾತ್ರ ಅದನ್ನು ಕಟ್ಟುವುದು.

ಮೋಡ ಸರಿದಾಗ ದುರ್ಬೀನು ಹಿಡಿದೆ. ಚಾವಣಿ ಬೆಳ್ಳಗಿತ್ತು. ಮಾಡಿನ ಮೇಲೆ ಗಳವೂ ಇಲ್ಲ, ಹಳದಿಯೂ ಇಲ್ಲ, ನೀವೂ ಇಲ್ಲ. ಕತ್ತಲಾಗುವವರೆಗೆ ಘಾಗ್ರಾ ಬೀಸಿದೆ.

ಕಾರ್ಡು ಬರೆಯಿರಿ. ಇವತ್ತೇ.

ಪೈಲಾಗ್ ಬಾಬು.
ನಿಮ್ಮ ತನು

*

ವೀಕ್ಷಣಾಲಯ
29 ಅಕ್ಟೋಬರ್ 1991

ತನೂ,

ಅಳಬೇಡ, ನಿಮ್ಮ ಬಾಬು ಗಟ್ಟಿಯಾಗಿದಾರೆ. ಹಣೆಗೆ ಮೂರು ಹೊಲಿಗೆ. ಕಾಂಪೌಂಡರ್ ಹೊಲಿಯೋವಾಗ್ಲೂ, "ಕಲ್ಲಿನ ವ್ಯಾಸ ಎರಡು ಸೆಂಟಿಮೀಟರಿಗೆ ಕಡಿಮೆ ಇಲ್ಲ" ಅಂತಿದ್ರು.

ಸರ್ಕಾರಿ ಕಂಬ ಮುಟ್ಟಲ್ಲ ಅಂತ ಹಟ. ಆದ್ರೆ ನಿನ್ನ ಪತ್ರ ಬಂದ ಮಾರನೇ ದಿನಾನೇ ಬಿದಿರು ಗಳ ತಂದು ಮಾಡಿನ ಮೇಲೆ ಇಟ್ಟಿದ್ರು. ಯಾಕೆ ಅಂದ್ರೆ "ಸೌತೆ ಬಳ್ಳಿಗೆ" ಅಂದ್ರು. ಅಕ್ಟೋಬರಲ್ಲಿ ಯಾವ ಸೌತೆ ಬಳ್ಳಿ? ಅವತ್ತು ಮೋಡ ಎದ್ದಾಗ ನಾನು ಕೆಂಪು ಲಂಗ ತಗೊಂಡು ಓಡಿದೆ. "ಅದು ಬೇಡ, ಅದು ಅವಳಿಗೆ ಯಾರದು ಅಂತ ತಿಳಿಯಲ್ಲ" ಅಂದು ತಾವೇ ಪೆಟ್ಟಿಗೆಯ ಬೀಗ ತೆಗೆದ್ರು. ನಾನು ಲಂಗ ಮಡಚಿಟ್ಟೆ.

ಹವಾಮಾನದ ಬಲೂನು ನೋಡೋ ದೊಡ್ಡ ದುರ್ಬೀನಿದೆಯಲ್ಲ, ಅದು ಜುಲೈಯಿಂದ ನಿನ್ನ ಊರಿನ ಕಡೆಗೇ ತಿರುಗಿ ಕೂತಿದೆ. ಆದ್ರೆ ಅವತ್ತು ಗಳ ಹಿಡಿದೋರು ದುರ್ಬೀನು ಹೇಗೆ ನೋಡ್ತಾರೆ? "ನೀನು ನೋಡು, ಅವಳಿಗೆ ಕಂಡಿತಾ ಹೇಳು" ಅಂತ ನನಗೆ ಕೂಗಿದ್ರು. ನನಗೆ ಅದರಲ್ಲಿ ನನ್ನ ರೆಪ್ಪೆ ಬಿಟ್ಟು ಏನೂ ಕಾಣಲಿಲ್ಲ. "ಗೊತ್ತಾಗ್ತಿಲ್ಲ" ಅಂದೆ. ಅದಕ್ಕೇ ಇಳೀಲಿಲ್ಲ. ಸಂಜೆ ಐದೂವರೆಗೆ ಹಣೆಗೆ ಬಟ್ಟೆ ಕಟ್ಕೊಂಡೇ ಹೋಗಿ ದುರ್ಬೀನಿಗೆ ಕಣ್ಣಿಟ್ಟು ಬಹಳ ಹೊತ್ತು ನಿಂತಿದ್ರು. ಆಮೇಲೆ ದಫ್ತರದಲ್ಲಿ ಏನು ಬರೆದ್ರು ಗೊತ್ತಾ? "ಪೂರ್ವ ದಿಕ್ಕಿನ ಗೋಚರತೆ ಅತ್ಯುತ್ತಮ."

ಪಿಛೋಡಾಗೆ ಹನ್ನೊಂದು ತೂತು. ನಾನು ರಫು ಮಾಡ್ತೀನಿ ಅಂದ್ರೆ ಕೊಡ್ತಿಲ್ಲ. ಕನ್ನಡಕ ಹಾಕ್ಕೊಂಡು ತಾವೇ ಸೂಜಿ ಹಿಡ್ಕೊಂಡಿದಾರೆ.

ಇಜಾ

*

ವೀಕ್ಷಣಾಲಯ
30 ಅಕ್ಟೋಬರ್ 1991

ಚೇಲಿ, ಮಗಳೇ,

23 ಅಕ್ಟೋಬರ್: ಆಲಿಕಲ್ಲು, ಆರಂಭ 14.10, ಅವಧಿ 11 ನಿಮಿಷ. ನಂತರ ಆಕಾಶ ಸ್ವಚ್ಛ. ನಿನ್ನ ಪತ್ರ ನಿನ್ನೆ ಬಂತು. ಮೂರನೆಯ ಹೊಲ ಉಳಿದದ್ದನ್ನು ಎರಡು ಸಲ ಓದಿದೆ.

ನಮ್ಮ ದಫ್ತರದಲ್ಲಿ ಒಂದು ನಿಯಮವಿದೆ. ತಪ್ಪು ನಮೂದನ್ನು ಅಳಿಸುವಂತಿಲ್ಲ, ಕಾಗದ ಹರಿಯುವಂತಿಲ್ಲ. ಅದರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕಬೇಕು. ಮೇ ತಿಂಗಳಲ್ಲಿ ಗೇಟಿನ ಬಳಿ ನಾನು ಮಾಡಿದ ನಮೂದಿಗೆ ಈ ನಿಯಮ ಅನ್ವಯಿಸುತ್ತದೆ. ಐದು ದಿನದಿಂದ ಸರಿಯಾದ ಪದ ಹುಡುಕುತ್ತಿದ್ದೇನೆ. ಬೇರೆ ಪದ ಸಿಗಲಿಲ್ಲ. ಹಳೆಯದನ್ನೇ ಮತ್ತೆ ಬರೆಯುತ್ತಿದ್ದೇನೆ.

ದೀಪಾವಳಿಯ ಮರುದಿನ ನಾನೂ ನಿನ್ನ ಇಜಾಳೂ ನಡೆದು ಬರುತ್ತೇವೆ. ಅವಳ ಮಂಡಿಯನ್ನು ಗಮನಿಸಿ, ಎರಡು ದಿನ. ಪಿಛೋಡಾ ತರುತ್ತೇನೆ, ಹೊಲಿಗೆ ಓರೆಯಾಗಿದೆ. ನಿನ್ನ ಸಾಸುವಿಗೆ ಹೇಳು, ನನಗೆ ಭಂಗಿ ಬೀಜದ ಚಟ್ನಿಗೆ ಹುಳಿ ಸ್ವಲ್ಪ ಮುಂದಿರಬೇಕು.

ಜುಲೈಯಿಂದ ನಿನ್ನ ಆರು ಪೈಲಾಗ್‌ಗಳು ಬಾಕಿಯಿವೆ. ಎಲ್ಲದಕ್ಕೂ ಸೇರಿಸಿ: ಜೀ ರಯೆ, ಬಾಳಿ ಬದುಕು. ನಿನ್ನ ಮನೆಯಲ್ಲಿ ಭಂಗಿ ಬೆಳೆಯಲಿ.

ನಿನ್ನ
ಬಾಬು